ಗೋದಮ್ಮನ ಗಂಟಲು

ಶ್ರಾದ್ಧದ ಅಡುಗೆ ಮಾಡುವವರು ರುಚಿ ನೋಡುವಂತಿಲ್ಲ. ಬ್ರಾಹ್ಮಣರ ಊಟವಾಗಿ, ಪಿಂಡ ಇಟ್ಟು, ಮನೆಯವರೆಲ್ಲ ಉಂಡೆದ್ದ ಮೇಲೆಯೇ ಅಡುಗೆಯವಳ ಬಾಯಿಗೆ ಒಂದು ತುತ್ತು. ಅಷ್ಟು ಹೊತ್ತಿಗೆ ಮಧ್ಯಾಹ್ನ ಮೂರೂವರೆಯೋ ನಾಲ್ಕೋ ಆಗಿರುತ್ತದೆ. ಯಶವಂತಪುರದ ಗೋದಮ್ಮ ಹದಿನೆಂಟು ವರ್ಷ ಹೀಗೇ ದುಡಿದವಳು. ಹುಳಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ಎಂಬುದನ್ನು ಕುದಿಯುವ ವಾಸನೆಯಲ್ಲೇ ಹೇಳುತ್ತಿದ್ದಳು, ಒಂದು ದಿನವೂ ಲೆಕ್ಕ ತಪ್ಪಲಿಲ್ಲ. ಎಲ್ಲರ ಊಟ ಮುಗಿದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖಮಾಡಿ ಕೂತು ತಿನ್ನುವವಳನ್ನು ಯಾರು ನೋಡುತ್ತಾರೆ? ಅವಳ ಗಂಟಲಲ್ಲಿ ಅನ್ನ ಇಳಿಯುತ್ತಿಲ್ಲ ಎಂಬ ಸಂಗತಿ ಆರು ವರ್ಷ ಯಾರ ಕಣ್ಣಿಗೂ ಬೀಳದೆ ಹೋದದ್ದು ಹಾಗೆ.

ಪೂರ್ತಿ ಹೆಸರು ಗೋದಾವರಿ. ಗಂಡ ಜಯಸಿಂಹ ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತನಾಗಿದ್ದ. ೧೯೬೫ರಲ್ಲಿ ಒಂದು ಬೆಳಿಗ್ಗೆ ಮಂತ್ರಾಲಯಕ್ಕೆ ಹೋಗಿಬರುತ್ತೇನೆಂದು ಹೊರಟವನು ಮಂತ್ರಾಲಯಕ್ಕೂ ಹೋಗಲಿಲ್ಲ, ಮನೆಗೂ ಬರಲಿಲ್ಲ. ಇದ್ದಾನೆ ಎನ್ನುವವರಿಲ್ಲ, ಸತ್ತ ಎನ್ನುವವರೂ ಇಲ್ಲ. ಆ ಪುಣ್ಯಾತ್ಮ ಹೆಂಡತಿಗೆ ಮಾಡಿದ ಒಂದೇ ಉಪಕಾರವೆಂದರೆ ಸತ್ತ ಸುದ್ದಿ ಬರದಂತೆ ನೋಡಿಕೊಂಡದ್ದು. ಮುತ್ತೈದೆ ಎಂಬ ಹೆಸರು ಇದ್ದದ್ದರಿಂದಲೇ ಅವಳನ್ನು ಮಡಿ ಅಡುಗೆಗೆ ಕರೆಯುತ್ತಿದ್ದರು. ಹಣೆಯ ಕುಂಕುಮವೇ ಅವಳ ಲೈಸೆನ್ಸು.

ಯಾವ ಮನೆಯಲ್ಲಿ ಯಾವ ತಿಥಿಗೆ ಶ್ರಾದ್ಧ ಎಂಬುದೆಲ್ಲ ಪುರೋಹಿತರಾದ ಬದರೀನಾಥಾಚಾರ್ಯರ ಬಾಯಲ್ಲೇ ಇರುತ್ತಿತ್ತು. ಬ್ರಾಹ್ಮಣಾರ್ಥದ ಊಟಕ್ಕೆ ಕೂರುವವರು ಯಾರು, ಅಡುಗೆಗೆ ಯಾರು ಎಂದು ಗೊತ್ತುಮಾಡುವವರೂ ಅವರೇ. ಅವರು ಹೇಳಿಕಳಿಸಿದರೆ ಗೋದಮ್ಮ ಬೆಳಿಗ್ಗೆ ಮೊದಲ ಬಸ್ಸು ಹಿಡಿದು ಮತ್ತೀಕೆರೆಗೋ ಆರ್.ಟಿ. ನಗರಕ್ಕೋ ಯಲಹಂಕಕ್ಕೋ ಹೋಗುವಳು. ಆ ಮನೆಯಲ್ಲೇ ಮತ್ತೆ ತಲೆಗೆ ಸ್ನಾನ ಮಾಡಿ, ಒದ್ದೆ ಸೀರೆಯಲ್ಲೇ ಒಲೆ ಸಾರಿಸಿ, ನೀರು ತಂದುಕೊಂಡು ಅಡುಗೆಗೆ ಇಳಿಯುವಳು. ಹೊಸ ಬಡಾವಣೆಯ ಮೊಸಾಯಿಕ್ ನೆಲದ ಮನೆಗಳಲ್ಲಿ ಗ್ಯಾಸ್ ಸ್ಟೌ ಬಂದಿತ್ತು. ಅದನ್ನೂ ಮೂರು ಸಲ ತೊಳೆದು ಮಡಿ ಮಾಡಿಕೊಂಡೇ ಹಚ್ಚುತ್ತಿದ್ದಳು. "ಗೋದಮ್ಮ ಬಂದ್ರೆ ಪಿತೃಗಳು ತಾವಾಗೇ ಬಂದು ಕೂತ್ಕೋತಾರೆ ಕಣ್ರೀ" ಎಂದು ಯಜಮಾನರು ಹೊಗಳಿದರೆ ಅವಳಿಗೆ ಹೊಟ್ಟೆ ತುಂಬಿಬಿಡುತ್ತಿತ್ತು. ಅನ್ನದಿಂದ ಹೊಟ್ಟೆ ತುಂಬಿಸಿಕೊಳ್ಳುವುದು ಕಷ್ಟವಾಗತೊಡಗಿದ್ದು ಎಪ್ಪತ್ತೇಳರ ಸುಮಾರಿಗೆ.

ಮೊದಲು ಚಪಾತಿ ಸಿಕ್ಕಿಕೊಂಡಿತು. ಆಮೇಲೆ ಅವಲಕ್ಕಿ. ನಾಲ್ಕು ಅಗುಳು ಬಾಯಿಗಿಟ್ಟು ಒಂದು ಗುಟುಕು ನೀರು, ಮತ್ತೆ ನಾಲ್ಕು ಅಗುಳು, ಮತ್ತೆ ನೀರು. ಒಂದು ಹಿಡಿ ಅನ್ನಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಬರಬರುತ್ತ ಸಾರನ್ನವನ್ನು ಗಂಜಿಯ ಹಾಗೆ ಕಿವುಚಿ ಕುಡಿಯುವುದೇ ಊಟವಾಯಿತು. ಮುಖ ಬಿಳಿಚಿ, ಉಗುರು ಚಮಚದಂತೆ ಗುಳಿಬಿದ್ದು, ನಾಲಿಗೆ ನುಣ್ಣಗಾಯಿತು. ಏಕಾದಶಿ, ಸೋಮವಾರ, ಚಾತುರ್ಮಾಸ್ಯ ಎಂದು ಮೈಯನ್ನು ಮೊದಲೇ ಒಣಗಿಸಿಕೊಂಡಿದ್ದವಳು. ಇದೂ ವ್ರತದ ಫಲವೇ ಇರಬೇಕೆಂದು ಸುಮ್ಮನಿದ್ದಳು. ಅಡುಗೆಯವಳಿಗೆ ರೋಗ ಎಂದು ಗೊತ್ತಾದರೆ ಕರೆಯುವವರು ಯಾರು ಎಂಬ ಭಯವೂ ಇತ್ತು.

ಅದು ಹೊರಬಿದ್ದದ್ದು ೧೯೮೩ರ ಬೇಸಿಗೆಯಲ್ಲಿ, ವಠಾರದ ಪಕ್ಕದ ಮನೆಯ ರತ್ನಕ್ಕನ ಎದುರು. ರತ್ನಕ್ಕ ಗದಗಿನ ಕಡೆಯ ಲಿಂಗಾಯತರ ಹೆಂಗಸು, ಗಂಡ ಕಾರ್ಖಾನೆಯಲ್ಲಿ ಫಿಟ್ಟರ್. ಶ್ರಾದ್ಧದ ಮನೆಯಿಂದ ತಂದ ಒಂದು ವಡೆಯನ್ನು ಗೋದಮ್ಮ ಜಗುಲಿಯಲ್ಲಿ ಕೂತು ಚೂರುಚೂರು ಮಾಡಿ ತಿನ್ನುತ್ತಿದ್ದಳು. ಸಿಕ್ಕಿಕೊಂಡ ಚೂರು ಮೇಲಕ್ಕೂ ಬರಲಿಲ್ಲ, ಕೆಳಕ್ಕೂ ಹೋಗಲಿಲ್ಲ. ಕಣ್ಣು ಮೇಲಕ್ಕೆ ಹೋಯಿತು. ರತ್ನಕ್ಕ ಓಡಿಬಂದು ಬೆನ್ನಿಗೆ ನಾಲ್ಕು ಗುದ್ದಿದಾಗ ವಡೆ ಹೊರಗೆ ಬಿತ್ತು.

"ಎಷ್ಟ್ ದಿವಸ ಆತ್ರೀ ಹಿಂಗಾಗಿ?"

"ದಿನ ಅಲ್ಲ ರತ್ನಕ್ಕ. ಆರು ವರ್ಷ."

"ಅಯ್ಯ ಶಿವನ! ಆರು ವರ್ಷ ಏನ್ ತಿಂದು ಬದುಕೀರಿ? ನಾಳೆ ದವಾಖಾನಿಗೆ ನಡೀರಿ. ಒಲ್ಲೆ ಅಂದ್ರ ಹೊತ್ಕೊಂಡ್ ಹೋಗ್ತೀನಿ ನೋಡ್ರಿ."

ಹೊತ್ತುಕೊಂಡೇನೂ ಹೋಗಲಿಲ್ಲ, ಬಸ್ಸಿನಲ್ಲಿ ಕರೆದುಕೊಂಡು ಹೋದಳು. ದೊಡ್ಡಾಸ್ಪತ್ರೆಯಲ್ಲಿ ಹೊಟ್ಟೆಯ ಕಾಯಿಲೆಗೆಂದೇ ಬೇರೆ ವಿಭಾಗ ತೆರೆದಿದ್ದರು. ಅಲ್ಲಿನ ಡಾಕ್ಟರ್ ಶೇಖರಪ್ಪ ಮಾತಿನ ಮಲ್ಲ. ಸುಣ್ಣದ ನೀರಿನಂಥದ್ದನ್ನು ಕುಡಿಸಿ ಎಕ್ಸ್‌ರೇ ತೆಗೆಸಿ, ಅದನ್ನು ಬೆಳಕಿಗೆ ಹಿಡಿದು ತೋರಿಸಿದರು. "ನೋಡಿಮ್ಮ, ಅನ್ನ ಇಳಿಯೋ ನಾಳದ ಮೇಲ್ಗಡೆ ಒಂದು ತೆಳು ಪೊರೆ ಬೆಳೆದಿದೆ. ಮೈಯಲ್ಲಿ ರಕ್ತ ಇಲ್ಲದ ಹೆಂಗಸರಿಗೆ ಹಿಂಗಾಗುತ್ತೆ. ಚಾಕು ಗೀಕು ಬೇಡ. ತುದೀಲಿ ಬೆಳಕಿರೋ ಕೊಳವೆ ಒಂದನ್ನ ಬಾಯಿಂದ ಬಿಟ್ಟು, ನೋಡ್ಕೊಂಡೇ ಆ ಪೊರೆ ಹರಿದು ದಾರಿ ಅಗಲ ಮಾಡ್ತೀವಿ. ಹತ್ತು ನಿಮಿಷದ ಕೆಲಸ. ಸಾಯಂಕಾಲ ಮನೇಲಿ ಊಟ ಮಾಡಬಹುದು."

"ಅಪಾಯ ಏನಿಲ್ರೀ?" ಎಂದು ರತ್ನಕ್ಕ ಕೇಳಿದಳು.

"ಇಲ್ಲ ಅಂತ ಸುಳ್ಳು ಹೇಳಲ್ಲ. ನೂರು ಜನಕ್ಕೆ ಮಾಡಿದ್ರೆ ಒಬ್ಬರಿಗೋ ಇಬ್ಬರಿಗೋ ನಾಳ ಹರಿಯಬಹುದು. ಹಾಗಾದ್ರೆ ಆಪರೇಷನ್ನೇ ಗತಿ. ಆದ್ರೆ ಹೀಗೇ ಬಿಟ್ರೆ ಇವರು ನೀರಿಗೂ ಒದ್ದಾಡ್ತಾರೆ."

ಗೋದಮ್ಮ ಅಪಾಯದ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಅವಳ ಚಿಂತೆ ಬೇರೆ. ಸೆರಗನ್ನು ಬಾಯಿಗೆ ಅಡ್ಡ ಹಿಡಿದು, "ಆ ಕೊಳವೆ ಬೇರೆಯವರ ಬಾಯೊಳಗೂ ಹೋಗುತ್ತಾ ಡಾಕ್ಟ್ರೇ?" ಎಂದು ಕೇಳಿದಳು.

ಡಾಕ್ಟರು ಖುಷಿಯಾದರು. "ಒಳ್ಳೇ ಪ್ರಶ್ನೆ ಕೇಳಿದ್ರಿ. ಓದಿದೋರೂ ಇದನ್ನ ಕೇಳಲ್ಲ. ಹೌದು, ಇರೋದು ಒಂದೇ ಕೊಳವೆ. ಆದ್ರೆ ಪ್ರತಿ ಸಲ ಸೋಪಲ್ಲಿ ತೊಳೆದು, ಔಷಧಿ ನೀರಲ್ಲಿ ನೆನೆಸಿಟ್ಟೇ ಇನ್ನೊಬ್ಬರಿಗೆ ಹಾಕೋದು. ಒಬ್ಬರ ಸೋಂಕು ಇನ್ನೊಬ್ಬರಿಗೆ ಬರಲ್ಲ." ಅವಳು ಕೇಳಿದ್ದು ಸೋಂಕಿನ ವಿಷಯವಲ್ಲ, ಎಂಜಲಿನ ವಿಷಯ. ಇಷ್ಟು ವರ್ಷ ಲೋಟಕ್ಕೆ ತುಟಿ ತಾಗಿಸದೆ ನೀರು ಎತ್ತಿ ಕುಡಿದವಳು. ಊರಿನವರ ಬಾಯಲ್ಲೆಲ್ಲ ಹೋಗಿಬಂದ ಕೊಳವೆಯನ್ನು ಹೇಗೆ ನುಂಗಬೇಕು? ಎದ್ದು ಬಂದುಬಿಟ್ಟಳು.

ಮತ್ತೆರಡು ತಿಂಗಳು ಕಳೆಯಿತು. ಮಜ್ಜಿಗೆಯೂ ಮೂಗಿಗೆ ಬರತೊಡಗಿತು. ಶ್ರಾದ್ಧದ ಮನೆಯೊಂದರಲ್ಲಿ ಅನ್ನದ ಚರಿಗೆ ಇಳಿಸುವಾಗ ಕಣ್ಣಿಗೆ ಕತ್ತಲೆ ಕವಿದು, ಗೋಡೆ ಹಿಡಿದು ನಿಂತಳು. ಚರಿಗೆ ಬಿದ್ದಿದ್ದರೆ ಪಿತೃಕಾರ್ಯವೇ ಕೆಡುತ್ತಿತ್ತು. ತನ್ನ ಪ್ರಾಣಕ್ಕೆ ಹೆದರದವಳು ಅದಕ್ಕೆ ಹೆದರಿದಳು. ಆಷಾಢದ ಒಂದು ಬೆಳಿಗ್ಗೆ ತಾನೇ ರತ್ನಕ್ಕನ ಬಾಗಿಲು ತಟ್ಟಿದಳು.

ಆ ಕೊಳವೆ ತೊಳೆಯುವ ಕೆಲಸದವನು ಖಾದರ್ ಬಾಷಾ. ಘಾಟು ಹೊಡೆಯುವ ಔಷಧಿ ನೀರಿನಲ್ಲಿ ಕೈಯದ್ದಿ ಅದ್ದಿ ಅವನ ಬೆರಳೆಲ್ಲ ಸುಲಿದಿದ್ದವು. ಗೋದಮ್ಮ ಮಂಚ ಹತ್ತದೆ ನಿಂತದ್ದನ್ನು ಕಂಡು, ವಿಷಯ ಕೇಳಿ ತಿಳಿದುಕೊಂಡ. "ಅಮ್ಮಾ, ನಾನೂ ರೋಜಾ ಹಿಡಿಯೋನು. ಶುದ್ಧ ಅಂದ್ರೆ ಏನು ಅಂತ ನಂಗೂ ಗೊತ್ತು. ಇವತ್ತು ನಿಮ್ದೇ ಮೊದ್ಲು. ಎರಡು ಸಲ ತೊಳ್ದಿದೀನಿ, ಬೇಕಾದ್ರೆ ನಿಮ್ಮ ಕಣ್ಣೆದುರೇ ಇನ್ನೊಂದ್ ಸಲ ತೊಳೀತೀನಿ" ಎಂದ. ತೊಳೆದೂ ತೋರಿಸಿದ. ಡಾಕ್ಟರಿಗೆ ಅರ್ಥವಾಗದ್ದು ಅವನಿಗೆ ಅರ್ಥವಾಗಿತ್ತು. ಗೋದಮ್ಮ ಕಣ್ಣು ಮುಚ್ಚಿ ಎಡಕ್ಕೆ ಹೊರಳಿ ಮಲಗಿದಳು. ಗಂಟಲಿಗೆ ಕಹಿ ಔಷಧಿ ಚಿಮುಕಿಸಿದರು, ಬಾಯಿ ಮುಚ್ಚದಂತೆ ಹಲ್ಲಿನ ನಡುವೆ ಬಳೆಯಂಥದೊಂದನ್ನು ಇಟ್ಟರು, ಕೊಳವೆ ಇಳಿಯಿತು. ಒಳಗೆ ಏನೋ ಚಟ್ಟನೆ ಹರಿದಂತಾಯಿತು. ಹತ್ತು ನಿಮಿಷವೂ ಹಿಡಿಯಲಿಲ್ಲ.

ಡಾಕ್ಟರ್ ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಾಗಲಿಲ್ಲ. ಸಾಯಂಕಾಲ ಅನ್ನ ಇಳಿಯಿತು. ವಾರಕ್ಕೆ ಚಪಾತಿ ಇಳಿಯಿತು. ಹದಿನೈದು ದಿನಕ್ಕೆ ಗೋದಮ್ಮ ಕೋಡುಬಳೆ ಕರಿದು, ಆರು ವರ್ಷದ ಮೇಲೆ ಮೊದಲ ಸಲ ಕಟಕಟನೆ ಕಡಿದು ತಿಂದಳು. ನಾಲ್ಕು ತಿಂದು ಐದನೆಯದನ್ನು ಕೈಯಲ್ಲಿ ಹಿಡಿದು ಅತ್ತಳು. ಕಬ್ಬಿಣದ ಮಾತ್ರೆ ನುಂಗುತ್ತ ಬಂದಂತೆ ಮುಖದಲ್ಲಿ ಸ್ವಲ್ಪ ರಕ್ತವೂ ಆಡಿತು. ಈ ಪೊರೆ ಬಂದ ಜಾಗದಲ್ಲಿ ಮುಂದೆ ಕೆಟ್ಟದ್ದು ಬೆಳೆಯುವ ಸಂಭವವಿರುತ್ತದೆ, ಹಾಗಾಗಿ ವರ್ಷಕ್ಕೊಂದು ಸಲ ಬಂದು ತೋರಿಸಿ ಎಂದು ಹೇಳಿ, ಡಾಕ್ಟರು ಅದನ್ನೆಲ್ಲ ಇಂಗ್ಲಿಷಿನಲ್ಲಿ ಒಂದು ಚೀಟಿ ಬರೆದುಕೊಟ್ಟಿದ್ದರು. ಅವಳು ಅದನ್ನು ದೇವರ ಗೂಡಿನಲ್ಲಿಟ್ಟಳು.

ಇಲ್ಲಿಗೆ ಸುಮ್ಮನಿದ್ದಿದ್ದರೆ ಎಲ್ಲ ಸರಿಯಾಗುತ್ತಿತ್ತು. "ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ ಗೋದಕ್ಕಾ, ನಿಮ್ಮ ಮಂದಿ ಭಾಳ ಸೂಕ್ಷ್ಮ" ಎಂದು ರತ್ನಕ್ಕ ಕೈಹಿಡಿದು ಹೇಳಿದ್ದಳು. ಆದರೆ ಗೋದಮ್ಮನಿಗೆ ನಿದ್ದೆ ಬರಲಿಲ್ಲ. ಊರವರ ಎಂಜಲು ನುಂಗಿದ ಮೈಯಲ್ಲಿ ಪಿತೃಗಳಿಗೆ ಅನ್ನ ಬೇಯಿಸಿದರೆ ಅವರು ಮುಟ್ಟುತ್ತಾರೆಯೇ? ಉಪವಾಸ ಹಿಂತಿರುಗಿದರೆ ಆ ಪಾಪ ಯಾರಿಗೆ? ಇದನ್ನೆಲ್ಲ ನಿಜವಾಗಿ ನಂಬಿದವಳು ಆ ಯಶವಂತಪುರದಲ್ಲಿ ಅವಳೊಬ್ಬಳೇ ಇದ್ದಳೋ ಏನೋ. ಶ್ರಾವಣದ ಮೊದಲ ವಾರ ಬದರೀನಾಥಾಚಾರ್ಯರ ಮನೆಗೆ ಹೋಗಿ ನಮಸ್ಕರಿಸಿ, ಪ್ರಾಯಶ್ಚಿತ್ತ ಬೇಕೆಂದು ಕೇಳಿದಳು. ನಡೆದದ್ದನ್ನೆಲ್ಲ ಹೇಳಿದಳು.

ಆಚಾರ್ಯರು ಕೆಟ್ಟವರಲ್ಲ. ಸಮಾಧಾನವಾಗಿಯೇ ಕೇಳಿದರು. "ತೊಳೀತಾರೋ ಇಲ್ವೋ?"

"ಚೆನ್ನಾಗಿ ತೊಳೀತಾರೆ ಆಚಾರ್ರೇ. ಮೂರು ಸಲ ಆಯ್ತು, ಕೊನೇದು ನನ್ನ ಕಣ್ಣೆದುರಿಗೇ."

"ತೊಳೆಯೋರು ಯಾರು?"

ಗೊತ್ತಿಲ್ಲ ಎಂದಿದ್ದರೆ ಸಾಕಾಗಿತ್ತು. "ಖಾದರ್ ಬಾಷಾ ಅಂತ. ಬಹಳ ಒಳ್ಳೇವನು" ಎಂದಳು ಗೋದಮ್ಮ.

ಆಚಾರ್ಯರು ಜನಿವಾರ ಸರಿಮಾಡಿಕೊಂಡರು. ಆಮೇಲೆ ಒಳ್ಳೆಯ ಮುಹೂರ್ತ ನೋಡಿ ಪಂಚಗವ್ಯ ಕೊಟ್ಟರು. ಅದು ಸಲೀಸಾಗಿ ಗಂಟಲಿಳಿಯಿತು. "ಶುದ್ಧಿ ಆಯ್ತಮ್ಮ, ಹೋಗಿ ಬಾ" ಎಂದರು. ಗೋದಮ್ಮ ಹಗುರಾಗಿ ಮನೆಗೆ ಬಂದಳು.

ಭಾದ್ರಪದದಲ್ಲಿ ಪಿತೃಗಳ ಪಕ್ಷಮಾಸ ಬಂತು. ಆ ಹದಿನೈದು ದಿನ ಮಡಿ ಅಡುಗೆಯವರಿಗೆ ಉಸಿರಾಡಲು ಪುರಸೊತ್ತಿರುವುದಿಲ್ಲ. ಒಂದೊಂದು ದಿನ ಎರಡು ಮನೆಯವರು ಕರೆದು, ಒಂದನ್ನು ಬಿಡಬೇಕಾಗುತ್ತದೆ. ಗೋದಮ್ಮ ಮಡಿ ಸೀರೆ ಒಗೆದು ಕೋಲಿಗೆ ಹಾಕಿ ಕಾದಳು. ಪಾಡ್ಯ ಹೋಯಿತು, ಬಿದಿಗೆ ಹೋಯಿತು. ಪಂಚಮಿಯ ಹೊತ್ತಿಗೆ ಆಚಾರ್ಯರಿಗೆ ಮರೆತಿರಬೇಕೆಂದುಕೊಂಡಳು. ನವಮಿಯ ದಿನ ತಾನೇ ಹೋದಳು.

"ಈ ಸಲ ಬೇರೆಯವರು ಒಪ್ಕೊಂಡಿದಾರೆ ಗೋದಾ."

"ಹದಿನೈದು ದಿನಕ್ಕೂನಾ ಆಚಾರ್ರೇ?"

ಅವರು ಪಂಚಾಂಗಕ್ಕೆ ಕೈಹಾಕಿದರು.

"ಶುದ್ಧಿ ಆಯ್ತು ಅಂದ್ರಲ್ಲ. ನೀವೇ ಪಂಚಗವ್ಯ ಕೊಟ್ರಲ್ಲ."

"ನಿನಗೆ ಶುದ್ಧಿ ಆಯ್ತು, ಅದರಲ್ಲೇನೂ ಅನುಮಾನ ಇಲ್ಲ. ಆದ್ರೆ ನಾಳೆ ಯಜಮಾನ್ರು ಕೇಳಿದ್ರೆ? ನಾನು ಸುಳ್ಳು ಹೇಳಕ್ಕಾಗುತ್ತಾ? ನೀನು ಹೇಳದೇ ಇದ್ದಿದ್ರೆ ನಂಗೂ ಗೊತ್ತಿರ್ತಿರಲಿಲ್ಲ." ಹೀಗೆಂದು ಅವರು ಪಂಚಾಂಗ ಬಿಡಿಸಿಕೊಂಡು ಕೂತರು. ಅವರ ಸ್ವಂತ ಸೊಸೆಗೆ ಆಸ್ಪತ್ರೆಯಲ್ಲಿ ಯಾರ ಯಾರ ರಕ್ತವೋ ಕೊಟ್ಟು ಹೆರಿಗೆ ಮಾಡಿಸಿದ್ದರು. ಆ ಸೊಸೆಯೇ ಒಳಗಿನಿಂದ ಗೋದಮ್ಮನಿಗೆ ನೀರು ತಂದುಕೊಟ್ಟಳು. ಲೋಟ ಬೇರೆಯಾಗಿತ್ತು, ಹೊರಗಿನವರಿಗೆ ಕೊಡಲೆಂದೇ ಪಕ್ಕಕ್ಕಿಟ್ಟದ್ದು. ಗೋದಮ್ಮ ಕುಡಿಯದೆ ಕೆಳಗಿಟ್ಟಳು.

ಶ್ರಾದ್ಧದ ಅಡುಗೆ ಹೋದರೆ ಹೋಗಲಿ, ಮನೆಯಡುಗೆಯಾದರೂ ಸಿಕ್ಕೀತು ಎಂದು ಆರ್.ಟಿ. ನಗರಕ್ಕೆ ಹೋದಳು. ಅಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡುವ ನಾಗಮಣಿಗೆ ದಿನದ ಅಡುಗೆಗೆ ಒಬ್ಬರು ಬೇಕಾಗಿದ್ದರು. ಮಡಿ, ಮೈಲಿಗೆ ಎಂದರೆ ನಗುವಂಥ ಓದಿದ ಹೆಂಗಸು. ಗೋದಮ್ಮನ ಕೈರುಚಿ ಗೊತ್ತಿದ್ದವಳು. "ನಿಮಗೇನೋ ಗಂಟಲಲ್ಲಿ ತೊಂದರೆ ಅಂತ ಕೇಳ್ದೆ" ಎಂದಳು.

"ಈಗ ಪೂರ್ತಿ ವಾಸಿಯಾಗಿದೆ. ಡಾಕ್ಟ್ರು ಬರೆದುಕೊಟ್ಟಿದಾರೆ ನೋಡಿ" ಎಂದು ಗೋದಮ್ಮ ಚೀಟಿ ಮುಂದೆ ಹಿಡಿದಳು. ಇಂಗ್ಲಿಷು ಬಾರದವಳು ವಾಸಿಯಾದದ್ದಕ್ಕೆ ಸಾಕ್ಷಿ ಎಂದೇ ಅದನ್ನು ತಂದಿದ್ದಳು. ನಾಗಮಣಿ ಓದಿದಳು. ಕೊನೆಯ ಸಾಲಿಗೆ ಬಂದಾಗ ಅವಳ ಮುಖ ಬದಲಾಯಿತು. ಕ್ಯಾನ್ಸರ್ ಎಂಬ ಶಬ್ದವೊಂದು ಅಲ್ಲಿತ್ತು. ಬರಬಹುದಾದದ್ದಕ್ಕೂ ಬಂದದ್ದಕ್ಕೂ ಇರುವ ವ್ಯತ್ಯಾಸ ನೋಡುವಷ್ಟು ತಾಳ್ಮೆ ಯಾರಿಗಿದೆ?

"ತಪ್ಪು ತಿಳ್ಕೋಬೇಡಿ ಗೋದಮ್ಮ. ಮನೇಲಿ ಚಿಕ್ಕ ಮಕ್ಕಳು. ನೀವು ಮೊದಲು ಹುಷಾರಾಗಿ, ಆಮೇಲೆ ನೋಡೋಣ" ಎಂದು ಚೀಟಿಯನ್ನು ಎರಡು ಬೆರಳಲ್ಲಿ ಹಿಡಿದು ಹಿಂದಕ್ಕೆ ಕೊಟ್ಟಳು. ಶಾಸ್ತ್ರ ಬಲ್ಲವರು ಒಂದು ಕಾರಣಕ್ಕೆ ಬಾಗಿಲು ಹಾಕಿದರು, ವಿಜ್ಞಾನ ಬಲ್ಲವರು ಇನ್ನೊಂದು ಕಾರಣಕ್ಕೆ. ಆಚೆ ನಿಂತವಳಿಗೆ ಎರಡೂ ಒಂದೇ.

ಆಮೇಲಿನ ಎರಡು ವರ್ಷದಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಮದುವೆಯ ಕಾಲದಲ್ಲಿ ಕಂಟ್ರಾಕ್ಟ್ ಅಡುಗೆಯವರ ಹತ್ತಿರ ತರಕಾರಿ ಹೆಚ್ಚಲು ಹೋದಳು. ಅಲ್ಲಿ ಊಟಕ್ಕೆ ತೊಂದರೆಯಿರಲಿಲ್ಲ. ಲಗ್ನವಿಲ್ಲದ ತಿಂಗಳುಗಳಲ್ಲಿ ಹಪ್ಪಳ ಒತ್ತಿದಳು, ಹೂಬತ್ತಿ ಹೊಸೆದಳು. ಅದರಿಂದ ಬಾಡಿಗೆ ಹುಟ್ಟಿದರೆ ಅಕ್ಕಿ ಹುಟ್ಟುತ್ತಿರಲಿಲ್ಲ. ರತ್ನಕ್ಕ ಇದ್ದಷ್ಟು ದಿನ, "ನಮ್ಮೂರಿನ ಅಕ್ಕಿ ಹೆಂಗೈತಿ ನೋಡ್ರಿ" ಎಂದೋ ಏನೋ ನೆವ ತೆಗೆದು ಒಂದು ಮೊರ ಅಕ್ಕಿ ಜಗುಲಿಯಲ್ಲಿಟ್ಟು ಹೋಗುತ್ತಿದ್ದಳು. ಎಂಬತ್ತನಾಲ್ಕರ ಕೊನೆಗೆ ಅವರು ಅಟ್ಟೂರಿನಲ್ಲಿ ಸೈಟು ಕೊಂಡು ಮನೆ ಕಟ್ಟಿಕೊಂಡು ಹೊರಟರು. ಹೋಗುವ ದಿನ ರತ್ನಕ್ಕ, "ನಮ್ಮ ಮನಿಗೆ ಬಂದ್ಬಿಡ್ರಿ, ನಿಮ್ಮ ಒಲಿ ಬ್ಯಾರೆನ ಇಟ್ಟುಕೊಡ್ತೀನಿ" ಎಂದು ಅತ್ತು ಕರೆದಳು. ಗೋದಮ್ಮ ಹೋಗಲಿಲ್ಲ. ಆಚಾರ್ಯರು ಎಂದಾದರೂ ಹೇಳಿಕಳಿಸಿದರೆ ಸಿಗಬೇಕಲ್ಲ ಎಂಬ ಆಸೆ ಇನ್ನೂ ಇತ್ತು. ಎಂಥ ಹುಚ್ಚು ಆಸೆ! ವಠಾರದಲ್ಲಿ ಯಾರಿಗೂ ತಿಳಿಯಬಾರದೆಂದು ಒಲೆಯ ಮೇಲೆ ಬರೀ ನೀರು ಕಾಯಿಸಿ, ಸೌಟಿನಿಂದ ಪಾತ್ರೆ ಕೆರೆದು ಸದ್ದು ಮಾಡುತ್ತಿದ್ದಳು.

ಹಸಿವು ಎಂದರೇನು ಎಂದು ಅವಳಿಗೆ ಮೊದಲೂ ಗೊತ್ತಿತ್ತು. ಆಗ ಗಂಟಲು ಕಟ್ಟಿತ್ತು, ಎದುರಿಗೆ ಅನ್ನವಿದ್ದರೂ ಹೋಗುತ್ತಿರಲಿಲ್ಲ. ಈಗ ಮೈಯಿಡೀ ಅನ್ನಕ್ಕೆ ಬಾಯ್ತೆರೆದು ಕೂತಿತ್ತು. ಇದು ಅದಕ್ಕಿಂತ ಘೋರವಾಗಿತ್ತು.

೧೯೮೫ರ ಜುಲೈನಲ್ಲಿ ಎರಡನೆಯ ವರ್ಷದ ತಪಾಸಣೆಗೆ ಹೋದಳು. ಡಾಕ್ಟರ್ ಹೇಳಿದ್ದಾರೆ ಎಂದ ಮೇಲೆ ತಪ್ಪಿಸುವವಳಲ್ಲ. ತೂಕದ ಯಂತ್ರದ ಮುಳ್ಳು ಮೂವತ್ತಮೂರರಲ್ಲಿ ನಿಂತಿತು. ಹಿಂದಿನ ವರ್ಷ ನಲವತ್ತೊಂದಿತ್ತು. ಶೇಖರಪ್ಪನವರ ಮುಖದಲ್ಲಿ ನಗೆ ಹೋಯಿತು. "ಪೊರೆ ಮತ್ತೆ ಬೆಳೆದಿರಬೇಕು. ಇಲ್ಲಾ ಅದಕ್ಕಿಂತ ಕೆಟ್ಟದ್ದು ಏನಾದ್ರೂ..." ಎಂದು ಅರ್ಧಕ್ಕೇ ನಿಲ್ಲಿಸಿ, "ಊಟ ಸಿಕ್ಕಾಕೊಳ್ಳುತ್ತಾ?" ಎಂದು ಕೇಳಿದರು.

"ಇಲ್ಲ ಡಾಕ್ಟ್ರೇ. ಎಲ್ಲಾ ಇಳಿಯುತ್ತೆ."

"ಮತ್ತೆ ಯಾಕಿಷ್ಟು ಇಳಿದುಹೋಗಿದೀರಿ?"

ಊರಿಗೆಲ್ಲ ಅನ್ನ ಬೇಯಿಸಿದವಳು ತನಗೆ ಅನ್ನವಿಲ್ಲ ಎಂದು ಹೇಗೆ ಹೇಳುತ್ತಾಳೆ? ಗೋದಮ್ಮ ಸೆರಗನ್ನು ಮೈತುಂಬ ಹೊದ್ದುಕೊಂಡಳು. ಪೇಷೆಂಟು ಏನೋ ಮುಚ್ಚಿಡುತ್ತಿದ್ದಾಳೆ ಎಂದು ಡಾಕ್ಟರಿಗೆ ಅನಿಸಿತು, ಅದೇನೂ ಸುಳ್ಳಲ್ಲ. ನಾಳೆಯೇ ಕೊಳವೆ ಬಿಟ್ಟು ನೋಡೋಣ, ರಾತ್ರಿಯಿಂದ ಏನೂ ತಿನ್ನದೆ ಬನ್ನಿ ಎಂದರು.

ಮರುದಿನ ಆ ಕೋಣೆಯ ಮುಂದೆ ಐದು ಜನ ಕಾದಿದ್ದರು. ಒಬ್ಬ ಕಾಫಿ ಕುಡಿದು ಬಂದಿದ್ದ, ಇನ್ನೊಬ್ಬ ಎರಡೇ ಇಡ್ಲಿ ತಿಂದೆ ಎಂದ. ಡಾಕ್ಟರು ಇಬ್ಬರನ್ನೂ ಬೈದು ವಾಪಸು ಕಳಿಸಿದರು. ಗೋದಮ್ಮನ ಸರದಿ ಬಂತು. ಔಷಧಿ ಚಿಮುಕಿಸಿದರು, ನಾಲಿಗೆ ಮರಗಟ್ಟಿತು. ಕೊಳವೆ ಎಲ್ಲಿಯೂ ತಡೆಯದೆ ನೇರ ಇಳಿಯಿತು. ಪೊರೆಯಿಲ್ಲ, ಹುಣ್ಣಿಲ್ಲ, ಗಂಟಿಲ್ಲ. ಶೇಖರಪ್ಪನವರ ಎದೆಯ ಭಾರ ಇಳಿದಿರಬೇಕು. ದನಿಯಲ್ಲಿ ಹಳೆಯ ಉತ್ಸಾಹ ಬಂತು. ಸುತ್ತ ನಿಂತಿದ್ದ ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಕರೆದು ಕೊಳವೆಯ ಕಣ್ಣಿನಲ್ಲಿ ನೋಡಿಸಿದರು.

"ಎರಡು ವರ್ಷ ಆದ್ಮೇಲೂ ದಾರಿ ಹೇಗಿದೆ ನೋಡಿ. ಹೊಟ್ಟೆ ನೋಡ್ರಪ್ಪ, ಎಷ್ಟು ಕ್ಲೀನಾಗಿದೆ. ಒಂದು ಅಗುಳು ಅನ್ನ ಇಲ್ಲ. ಹೇಳಿದ ಮಾತು ಕೇಳೋ ಪೇಷೆಂಟ್ ಅಂದ್ರೆ ಇವರು."

ಅವಳು ಅನ್ನ ಕಂಡು ಮೂರು ದಿನವಾಗಿತ್ತು.

ಕೊಳವೆ ಹೊರತೆಗೆದ ಮೇಲೆ ಡಾಕ್ಟರು ಅವಳ ಭುಜ ತಟ್ಟಿದರು. "ಏನೂ ಇಲ್ಲಮ್ಮ, ಧೈರ್ಯವಾಗಿರಿ. ಗಂಟಲು ಮರಗಟ್ಟಿರುತ್ತೆ, ಇನ್ನೊಂದು ಗಂಟೆ ಏನೂ ತಿನ್ನಬೇಡಿ. ಆಮೇಲೆ ಹೊಟ್ಟೆ ತುಂಬ ಊಟ ಮಾಡಿ."

ಗೋದಮ್ಮ ಆಗಲಿ ಎಂದು ತಲೆಯಾಡಿಸಿ, ಹೊರಗಿನ ಬೆಂಚಿನ ಮೇಲೆ ಬಂದು ಕೂತಳು. ಗೋಡೆಯ ಗಡಿಯಾರದಲ್ಲಿ ಒಂದು ಗಂಟೆ ಕಳೆಯಿತು, ಗಂಟಲು ಬಿಟ್ಟಿತು, ಉಗುಳು ಇಳಿಯಿತು. ಅವಳು ಕೂತೇ ಇದ್ದಳು.